ಭಾಷಣವಿಲ್ಲದ ಆಯುಧಪೂಜೆ

"ನಾನು ಕಳ್ಳ ಅಲ್ಲ ಸರ್," ಎಂದ ಅಭಿನಂದನ್, ಬಾಗಿಲು ತೆಗೆದವಳು ನಾನಾಗಿದ್ದರೂ.

"ಅದನ್ನು ಒಳಗೆ ಬಂದು ಹೇಳಿ ಮಾರ್ರೆ. ಚಳಿ ಬರ್ತದೆ," ಎಂದೆ.

ಒಳಗೆ ಚನ್ನವೀರಪ್ಪ ಕಾಕಾ ಜೋಳದ ರೊಟ್ಟಿ ಮುರಿಯುತ್ತಿದ್ದರು. ಗದಗಿನವರು. ಕೆನಡಾದ ಬ್ರ್ಯಾಂಪ್ಟನ್ನಿನ ಒಂದು ಟ್ರಕ್ ಕಂಪನಿಯಲ್ಲಿ, ದಾರಿಯಲ್ಲಿ ಕಾಣೆಯಾದ ಮಾಲಿನ ತನಿಖೆ ಅವರ ಕೆಲಸ. ಒಂದು ಪ್ಯಾಲೆಟ್ ಟೊಮ್ಯಾಟೊ ಸಾಸು ವಿಂಡ್ಸರಿಗೂ ಬ್ರ್ಯಾಂಪ್ಟನ್ನಿಗೂ ನಡುವೆ ಮಾಯವಾದರೆ ಅದು ಯಾರ ಗ್ಯಾರೇಜಿನಲ್ಲಿದೆ ಎಂದು ಅವರು ಕುರ್ಚಿಯಿಂದ ಏಳದೆ ಹೇಳಬಲ್ಲರು. ಈ ಖ್ಯಾತಿ ಕನ್ನಡ ವಲಯಕ್ಕೂ ಹರಡಿ, ಕಳೆದುಹೋದ ಮೂಗುಬೊಟ್ಟಿನಿಂದ ಹಿಡಿದು ರಾಜ್ಯೋತ್ಸವದ ಊಟದಲ್ಲಿ ಹೋಳಿಗೆ ಕಡಿಮೆ ಬಿದ್ದದ್ದರವರೆಗೆ ಎಲ್ಲ ದೂರುಗಳೂ ಅವರ ಅಡುಗೆಮನೆಗೇ ಬರುತ್ತಿದ್ದವು. ನಾನು ಶ್ರೀಜಾ, ಉಡುಪಿಯವಳು. ಅದೇ ಕಂಪನಿಯ ಡಿಸ್ಪ್ಯಾಚಿನಲ್ಲಿ ಕೆಲಸ, ಅವರದೇ ಬೇಸ್‌ಮೆಂಟಿನಲ್ಲಿ ವಾಸ. ಜೀವಮಾನವಿಡೀ ಟ್ರಕ್ಕುಗಳ ನಡುವೆ ಕಳೆದರೂ ಕಾಕಾನಿಗೆ ಕಾರು ಓಡಿಸಲು ಬರುವುದಿಲ್ಲ. ಹಾಗಾಗಿ ಅವರ ಪ್ರತಿ ಪತ್ತೇದಾರಿಯಲ್ಲೂ ಸ್ಟಿಯರಿಂಗ್ ಹಿಡಿದವಳು ನಾನೇ. ಅವರು ಯೋಚನೆ ಮಾಡುತ್ತ ನನ್ನೊಡನೆ ಮಾತಾಡಿ ತಪ್ಪಿಸಿದ ಎಕ್ಸಿಟ್ಟುಗಳಿಗೂ ನಾನೇ ಹೊಣೆ.

"ಮೊದಲ ಜಾಕೀಟ್ ತಗಿ," ಎಂದರು ಕಾಕಾ. "ಕಳ್ಳ ಅಲ್ಲ ಅಂದ್ರ ಆರಾಮ ಕುಂದ್ರು. ಏನು ಕಳುವಾತು?"

"ಒಂದು ಮೆಡಲ್ ಸರ್. ವಿಕ್ಟೋರಿಯಾ ರಾಣಿ ಕಾಲದ್ದು."

ಅಭಿನಂದನ್ ಮೈಸೂರಿನವನು. ಅಲ್ಲಿ ಇತಿಹಾಸ ಓದಿ, ಇಲ್ಲಿ ಸಪ್ಲೈ ಚೈನ್ ಓದಿ, ಈಗ ಒಂದು ಗೋದಾಮಿನಲ್ಲಿ ಸೂಪರ್‌ವೈಸರ್ ಆಗಿದ್ದ. ಕ್ಲೈನ್‌ಬರ್ಗಿನ ರಘುನಾಥ ಸುಬೇದಾರ್ ಎಂಬವರ ಮುತ್ತಾತ ಮದ್ರಾಸ್ ಸ್ಯಾಪರ್ಸ್ ಪಡೆಯಲ್ಲಿದ್ದನಂತೆ. ಸೈನ್ಯಕ್ಕೆ ಸೇತುವೆ, ರಸ್ತೆ ಕಟ್ಟಿಕೊಡುವ ಬೆಂಗಳೂರಿನ ಪಡೆ ಅದು. ಸಾವಿರದ ಎಂಟುನೂರ ಎಂಬತ್ತೈದರ ಬರ್ಮಾ ಯುದ್ಧಕ್ಕೆ ಹೋಗಿ ಪದಕ ತಂದಿದ್ದ. ಬರ್ಲಿಂಗ್ಟನ್ನಿನ ಒಂದು ಪುಟ್ಟ ಮ್ಯೂಸಿಯಂ ನವೆಂಬರಿನ ಪ್ರದರ್ಶನಕ್ಕೆ ಆ ಪದಕವನ್ನು ಕೇಳಿತ್ತು. ಫೋಟೋ ತೆಗೆದು ವಿವರ ಬರೆದುಕೊಡಲು ರಘುನಾಥರು ಅಭಿನಂದನ್‌ನನ್ನು ಕರೆದಿದ್ದರು.

"ಹೋದ ಶುಕ್ರವಾರ ಸಂಜೆ ಅವರ ಮನೆಯಲ್ಲಿ ಫೋಟೋ ತೆಗೆದೆ. ಶನಿವಾರ ಆಯುಧಪೂಜೆ, ನಲವತ್ತು ಜನ ಬಂದಿದ್ರು. ಎಲ್ಲರೂ ಹೋದಮೇಲೆ ದೇವಿ ಅಲಂಕಾರದ ಫೋಟೋ ತೆಗೆಯೋಣ ಅಂತ ಪೂಜೆ ಕೋಣೇಲಿ ಒಬ್ಬನೇ ಇದ್ದೆ. ಆಮೇಲೆ ರಘುನಾಥ್ ಸರ್ ಹೆಂಡತಿ ಶೈಲಜಾ ಆಂಟಿ ಬಂದು ಡಬ್ಬಿ ತೆಗೆದ್ರೆ ಮೆಡಲ್ ಇಲ್ಲ, ರಿಬ್ಬನ್ ಮಾತ್ರ ಇದೆ."

"ಪೊಲೀಸರಿಗೆ ಹೇಳ್ಯಾರ?"

"ಅದಕ್ಕಿಂತ ಜೋರಾದವರಿಗೆ ಹೇಳಿದ್ದಾರೆ ಸರ್. ಹೇಮಶ್ರೀ ಆಂಟಿಗೆ."

ಅವನ ಸಂಕಟ ಅಲ್ಲಿತ್ತು. ಹೇಮಶ್ರೀಯ ಗಂಡ ಭಾಸ್ಕರ ಅವನ ಗೋದಾಮಿನ ಮ್ಯಾನೇಜರ್. ಕೆನಡಾದಲ್ಲಿ ಕಾಯಂ ನೆಲೆಸಲು ಹಾಕುವ ಪಿಆರ್ ಅರ್ಜಿಗೆ ಅವನ ಕೆಲಸದ ಅನುಭವವನ್ನು ದೃಢೀಕರಿಸಿ ಸಹಿ ಹಾಕಬೇಕಾದವರು ಅವರೇ. ವರ್ಕ್ ಪರ್ಮಿಟ್ಟು ಮುಗಿಯುತ್ತ ಬಂದಿತ್ತು. ಬುಧವಾರ ಸಹಿ ಕೇಳಲು ಹೋದರೆ ಭಾಸ್ಕರ ಪೆನ್ನಿನ ಮುಚ್ಚಳ ಹಾಕಿ, "ಇದೊಂದು ಸೆಟ್ಲ್ ಆಗ್ಲಿ, ಆಮೇಲೆ ನೋಡೋಣ," ಎಂದರಂತೆ.

"ಸೆಟ್ಲ್ ಆಗದಿದ್ರೆ ನಾನು ವಾಪಸ್ ಹೋಗ್ಬೇಕು ಸರ್. ಕಳ್ಳ ಅನ್ನಿಸಿಕೊಂಡು."

ಕಾಕಾ ಕೈ ತೊಳೆದರು. "ಆ ಫೋಟೋ ತೋರ್ಸು."

ಫೋನಿನಲ್ಲಿ ಪದಕ ಬೆಳ್ಳಗೆ ಹೊಳೆಯುತ್ತಿತ್ತು. ಒಂದು ಮಗ್ಗುಲಲ್ಲಿ ರಾಣಿಯ ಮುಖ, ಇನ್ನೊಂದರಲ್ಲಿ ರೆಕ್ಕೆಯುಳ್ಳ ದೇವತೆ ಕುಳಿತ ಯೋಧನಿಗೆ ಹೂಮಾಲೆ ತೊಡಿಸುವ ಚಿತ್ರ. ಎರಡು ಕಡು ನೀಲಿ ಪಟ್ಟೆಯ ಕೆಂಪು ರಿಬ್ಬನ್, ಮೇಲೆ ಬರ್ಮಾ ಎಂದು ಕೊರೆದ ಪಟ್ಟಿ.

"ರಿಬ್ಬನ್ ಭಾಳ ಸ್ವಚ್ಛ ಐತಲ್ಲ," ಎಂದರು ಕಾಕಾ.

"ಹೊಸದು ಸರ್, ನಾನೇ ತರಿಸಿ ಹಾಕಿದ್ದು. ಇಂಥ ಪದಕಗಳ ಅಂಚಿನಲ್ಲಿ ಸೈನಿಕನ ಹೆಸರು, ಹುದ್ದೆ ಕೊರೆದಿರ್ತಾರೆ. ಅದರ ಫೋಟೋ ಒಂದು ಬೇಕಿತ್ತು. ರಘುನಾಥ್ ಸರ್ ಬಿಡಲಿಲ್ಲ. ಅಂಚು ಸವೆದುಹೋಗಿದೆ, ಏನೂ ಕಾಣಲ್ಲ ಅಂದ್ರು."

*

ಶನಿವಾರ ಮಧ್ಯಾಹ್ನ ಹೈವೇ ಐವತ್ತರಲ್ಲಿ ಎರಡು ತಿರುವು ತಪ್ಪಿಸಿ ಕ್ಲೈನ್‌ಬರ್ಗ್ ತಲುಪಿದೆವು. ಹಳೇ ಪೇಟೆಬೀದಿ ದಾಟಿದರೆ ಹೊಸ ಮನೆಗಳು. ಒಂದೊಂದೂ ಮದುವೆ ಛತ್ರದಷ್ಟು ದೊಡ್ಡದು, ಒಂದೊಂದರಲ್ಲೂ ಮೂವರೋ ನಾಲ್ವರೋ. ಸುಬೇದಾರ್ ಮನೆಯ ಡ್ರೈವ್‌ವೇಯಲ್ಲಿ ಕಾರಿನ ಟೈರಿಗೆ ಸಿಕ್ಕಿ ಅಪ್ಪಚ್ಚಿಯಾದ ನಿಂಬೆಹಣ್ಣು ಬಿದ್ದಿತ್ತು. ಗ್ಯಾರೇಜಿನೊಳಗೆ ಹಿಮ ತಳ್ಳುವ ಯಂತ್ರ ಹಣೆಗೆ ಕುಂಕುಮವಿಟ್ಟುಕೊಂಡು ಚಳಿಗಾಲಕ್ಕೆ ಕಾಯುತ್ತಿತ್ತು.

"ಬನ್ನಿ ಬನ್ನಿ, ಅವನ ಬಾಯಿ ಬಿಡಿಸಿ," ಎಂದು ಸ್ವಾಗತಿಸಿದರು ಶೈಲಜಾ. ಹಿಂದೆ ಅವರ ಗಂಡ ರಘುನಾಥ ನಿಂತಿದ್ದರು. ಅರವತ್ತರ ಆಸುಪಾಸು, ತಿರುವಿದ ಮೀಸೆ, ಮುಖದಲ್ಲಿ ನಿದ್ದೆಯಿಲ್ಲ.

"ಇದೆಲ್ಲ ಯಾಕೆ ಚನ್ನವೀರಪ್ಪನವರೇ," ಎಂದರು ರಘುನಾಥ. "ಒಂದು ವಸ್ತು ತಾನೇ. ಹೋದರೆ ಹೋಗ್ಲಿ. ಪೊಲೀಸೂ ಬೇಡ, ಏನೂ ಬೇಡ. ಕಾಫಿ ಕುಡೀರಿ."

"ಅದೇನ್ರೀ ಹಾಗಂತೀರ? ಊರೆಲ್ಲ ತಲೆಮೇಲೆ ಹೊತ್ಕೊಂಡು ತಿರುಗಿದ್ರಿ, ಈಗ ಒಂದು ವಸ್ತು ಅಂತೀರಲ್ಲ," ಎಂದರು ಶೈಲಜಾ.

ಕಾಕಾ ಮುತ್ತಾತನ ಕತೆ ಕೇಳಿದರು. ರಘುನಾಥ ಕಾರ್ಪೆಟ್ಟು ನೋಡುತ್ತ ಹೇಳಿದರು: ಸುಬೇದಾರ್ ತಿಮ್ಮರಾಯಪ್ಪ, ಹಲಸೂರಿನವರು. ಇರಾವತಿ ನದಿಯಲ್ಲಿ ಹಡಗೇರಿ ಹೋದರು. ಮಿನ್ಹ್ಲಾ ಕೋಟೆಗೆ ಏಣಿ ಹಾಕಿ ಮೊದಲು ಹತ್ತಿದರು. ಮಂಡಾಲೆ ಸೇರಿದರು. ಪದಕ ಬಂತು. ಅಷ್ಟೆ.

"ಮುಗೀತಾ?" ಎಂದು ಶೈಲಜಾ ಗಂಡನ ಮುಖ ನೋಡಿದರು. "ಮುಕ್ಕಾಲು ಗಂಟೆ ಕತೆ ಇದು. ಏಣಿ ಹತ್ತೋದಕ್ಕೇ ಇಪ್ಪತ್ತು ನಿಮಿಷ ತಗೋತಾರೆ. ಪ್ರತಿ ಆಯುಧಪೂಜೆಗೂ ಡಬ್ಬಿ ತೆಗೆದು ಎಲ್ಲರಿಗೂ ಪದಕ ತೋರಿಸಿ ಭಾಷಣ ಮಾಡ್ತಾರೆ, ಊಟ ತಣ್ಣಗಾಗುತ್ತೆ. ಈ ಸಲ ಡಬ್ಬೀನೇ ತೆಗೀಲಿಲ್ಲ. 'ನಡೀರಿ, ಊಟಕ್ಕೆ ನಡೀರಿ' ಅಂದುಬಿಟ್ರು. ಜನ ಎಷ್ಟು ಖುಷಿಪಟ್ರು ಗೊತ್ತಾ? ಇಬ್ಬರು ನನ್ನ ಕೈ ಹಿಡ್ಕೊಂಡು ಥ್ಯಾಂಕ್ಸ್ ಹೇಳಿದ್ರು."

"ಗಂಟಲು ಸರಿ ಇರಲಿಲ್ಲ," ಎಂದರು ರಘುನಾಥ.

ಪೂಜೆಯ ಕೋಣೆಯಲ್ಲಿ ಮಂಗಳಾರತಿಗೆ ಕೂಗಬಾರದೆಂದು ಚಾವಣಿಯ ಸ್ಮೋಕ್ ಅಲಾರ್ಮಿಗೆ ಸ್ನಾನದ ಟೋಪಿ ತೊಡಿಸಿದ್ದರು. ಅದರ ಕೆಳಗೆ ಪೀಠದ ಮೇಲೆ ಕಲಶ: ಬೆಳ್ಳಿಯ ಚೊಂಬಿನಲ್ಲಿ ಅಕ್ಕಿ, ಮೇಲೆ ಮಾವಿನೆಲೆಯ ಬದಲು ಯಾವುದೋ ಕೆನಡಾದ ಎಲೆ, ತೆಂಗಿನಕಾಯಿ, ದೇವಿಯ ಮುಖವಾಡ, ರೇಷ್ಮೆ ಸೀರೆ.

"ಇನ್ನೂ ಕದಲಿಸಿಲ್ಲೇನ್ರಿ?" ಎಂದು ಕಾಕಾ ಕೇಳಿದರು.

"ನಮ್ಮಲ್ಲಿ ದಸರಾ ವೀಕೆಂಡಿಂದ ವೀಕೆಂಡಿಗೆ. ಹೋದ ಶನಿವಾರ ಕೂರಿಸಿದ್ದು, ನಾಳೆ ಭಾನುವಾರ ಕದಲಿಸೋದು. ಆಮೇಲೆ ಅದೇ ಅಕ್ಕೀಲಿ ನಾನು ಪೊಂಗಲ್ ಮಾಡ್ತೀನಿ. ಯಾವಾಗ್ಲೂ ನಾನೇ ಕದಲಿಸೋದು. ಈ ವರ್ಷ ಇವರಿಗೆ ಇದ್ದಕ್ಕಿದ್ದಂತೆ ಭಕ್ತಿ. 'ನೀನು ಮುಟ್ಟಬೇಡ, ನಾನೇ ಮಾಡ್ತೀನಿ' ಅಂತಾರೆ."

ಕೆಳಗೆ ಹಲಗೆಯ ಮೇಲೆ ಮನೆಯ ಆಯುಧಗಳು ಸಾಲಾಗಿ ಕುಳಿತಿದ್ದವು: ಎರಡು ಲ್ಯಾಪ್‌ಟಾಪು, ಕಾರಿನ ಕೀಲಿಗಳು, ಡ್ರಿಲ್ ಯಂತ್ರ. ಎಲ್ಲದರ ನಡುವೆ, ಎಲ್ಲಕ್ಕಿಂತ ದೊಡ್ಡ ಹೂವಿನೊಂದಿಗೆ, ಮೊಳದುದ್ದದ ಹಳೆಯ ಕಬ್ಬಿಣದ ಸೌಟು.

"ಇದು?"

"ಅದು ನಮ್ಮತ್ತೆ ತಂದಿಟ್ಕೊಂಡಿರೋದು," ಎಂದರು ಶೈಲಜಾ. "ಈ ಮನೇಲಿ ಆಯುಧಪೂಜೆಗೆ ಮೊದಲ ಪೂಜೆ ಸೌಟಿಗೇ. ಯಾಕೆ ಅಂತ ಕೇಳಿದ್ರೆ ಇವರು, 'ಪದ್ಧತಿ' ಅಂತಾರೆ."

ಅತ್ತೆ ಶಾರದಮ್ಮ ಮೂಲೆಯ ಕುರ್ಚಿಯಲ್ಲಿ ಹೂಬತ್ತಿ ಹೊಸೆಯುತ್ತ ಕುಳಿತಿದ್ದರು. ಎಂಬತ್ತು ದಾಟಿದ ಹೆಂಗಸು, ದಪ್ಪ ಕನ್ನಡಕ. ಕಾಕಾ ಅವರ ಪಕ್ಕ ನೆಲದ ಮೇಲೇ ಕುಳಿತರು.

"ದೀಪ ಭಾರೀ ಹೊಳ್ಯಾಕ್ಹತ್ಯಾವಲ್ರಿ ಅಮ್ಮಾ. ಯಾರು ತಿಕ್ತಾರ?"

"ನಾನೇ ಕಣಪ್ಪ. ಶನಿವಾರ ಬೆಳಿಗ್ಗೆ ಎದ್ದು ಎಲ್ಲಾ ತೊಳೆದಿಟ್ಟೆ. ಬೆಳ್ಳಿಗೆ ವಿಭೂತಿ, ಹಿತ್ತಾಳೆ ತಾಮ್ರಕ್ಕೆ ಹುಣಸೆಹಣ್ಣು. ಇವಳು ತರೋ ಪೌಡರ್ ಗೀಡರ್ ನನಗಾಗಲ್ಲ."

"ನಮ್ಮ ಮನ್ಯಾಗ ಸೋಮವಾರ ತಿಕ್ಕೋದು ನನ್ನ ಪಾಳಿ ರೀ. ಒಮ್ಮೆ ಬೆಳ್ಳಿಗೆ ಹುಣಸಿಹಣ್ಣು ಹಾಕಿ ಬೈಸ್ಕೊಂಡೀನಿ."

"ಬೈಯದೆ ಮುದ್ದು ಮಾಡ್ತಾರಾ?" ಎಂದರು ಶಾರದಮ್ಮ.

ಶೈಲಜಾ ಪದಕದ ಡಬ್ಬಿ ತಂದರು. ನೀಲಿ ಮಖಮಲ್ಲಿನ ಮೇಲೆ ರಿಬ್ಬನ್ ಒಂದೇ ಮಲಗಿತ್ತು. ಫೋಟೋದಲ್ಲಿ ಸ್ವಚ್ಛವಾಗಿದ್ದ ಅದರ ತುದಿಯಲ್ಲಿ ಈಗ ಹೆಬ್ಬೆರಳಗಲ ಕಂದು ಕಲೆ. ಕಾಕಾ ಮೂಸಿದರು. ಆಮೇಲೆ ನಾನು ತಡೆಯುವ ಮೊದಲೇ ನಾಲಿಗೆಯ ತುದಿಗೆ ಮುಟ್ಟಿಸಿದರು.

"ಕಾಕಾ, ಎಂತ ಇದು?"

"ಪುರಾವೆ," ಎಂದರು.

"ಡಬ್ಬಿ ಎಲ್ಲೆ ಇರ್ತತ್ರಿ?" ಎಂದು ಶೈಲಜಾರನ್ನು ಕೇಳಿದರು.

"ಇವರ ಬೀರೂಲಿ, ಬೀಗದೊಳಗೆ. ಆ ಶುಕ್ರವಾರ ಫೋಟೋ ತೆಗೆದ ಮೇಲೆ ಡೈನಿಂಗ್ ಟೇಬಲ್ ಮೇಲೇ ಉಳೀತು," ಎಂದರು ಶೈಲಜಾ. "ಮನೆಯೆಲ್ಲ ಹುಡುಕಿದೀನಿ. ಹಿಟ್ಟಿನ ಡಬ್ಬ ಸುರಿದು ಜರಡಿ ಹಿಡಿದೆ. ವ್ಯಾಕ್ಯೂಮ್ ಚೀಲ ಹರಿದು ನೋಡಿದೆ. ಇಲ್ಲಿಲ್ಲ ಅಂದ್ರೆ ಹೊರಗೆ ಹೋಗಿದೆ. ಹೊರಗೆ ಹೋಗಿದ್ರೆ ಅವನ ಜೇಬಲ್ಲೇ."

ಹೊರಡುವಾಗ ಕಾಕಾ, "ನಾಳೆ ಕದಲಿಸೋ ಹೊತ್ತಿಗೆ ಬರ್ತೀವ್ರಿ. ಆ ಹುಡುಗನ್ನೂ ಕರಕೊಂಡು ಬರ್ತೀವಿ," ಎಂದರು. ಶೈಲಜಾ ಒಪ್ಪಿದರು. ರಘುನಾಥರ ಮೀಸೆಯ ಒಂದು ತುದಿ ಇಳಿದಂತೆ ನನಗೆ ಕಂಡಿತು.

ಕಾರಿನಲ್ಲಿ ನಾನು ಕೇಳಿದೆ, "ಯಾರು ಕಾಕಾ?"

"ನೀನೂ ಎಲ್ಲಾ ನೋಡಿದಿ. ನಿನಗಿಂತ ಹೆಚ್ಚಿಗಿ ಏನೂ ಕಂಡಿಲ್ಲ ನನಗ."

"ನನಗೆ ಕಂಡದ್ದು ನೀವು ರಿಬ್ಬನ್ ನೆಕ್ಕಿದ್ದು ಮಾತ್ರ."

"ಅಲ್ಲಿಂದನ ಶುರು ಮಾಡು ತಂಗಿ." ಅಷ್ಟರಲ್ಲಿ ಎಕ್ಸಿಟ್ ತಪ್ಪಿತ್ತು.

*

ಭಾನುವಾರ ನಾವು ಹೋದಾಗ ರಘುನಾಥ ಆಗಲೇ ಮಡಿಯುಟ್ಟು ಪೂಜೆಯ ಕೋಣೆಯ ಬಾಗಿಲು ಮುಚ್ಚುವುದರಲ್ಲಿದ್ದರು.

"ಒಬ್ರೇ ಮಾಡ್ತೀರೇನ್ರಿ?" ಎಂದು ಕಾಕಾ ಬಾಗಿಲಿನ ಸಂದಿಗೆ ಮೊಣಕಾಲಿಟ್ಟರು. "ನಮಗೂ ಪ್ರಸಾದ ಬೇಕಲ್ರಿ."

ಎಲ್ಲರೂ ಒಳಗೆ ಸೇರಿದೆವು. ಶಾರದಮ್ಮ ಕುರ್ಚಿಯಲ್ಲಿ, ಶೈಲಜಾ ಸೊಂಟದ ಮೇಲೆ ಕೈಯಿಟ್ಟು, ರಘುನಾಥ ಕಲಶಕ್ಕೂ ನಮಗೂ ನಡುವೆ. ಅಭಿನಂದನ್ ಬಾಗಿಲ ಬಳಿ ಗೋಡೆಗೆ ಅಂಟಿಕೊಂಡು, ಎರಡೂ ಕೈಗಳನ್ನು ಎಲ್ಲರಿಗೂ ಕಾಣುವಂತೆ ಮುಂದೆ ಕಟ್ಟಿಕೊಂಡಿದ್ದ. ಅದನ್ನು ನೋಡಿ ನನಗೆ ಬೇಸರವಾಯಿತು.

"ನನ್ನ ಕೆಲಸದಾಗ ಒಂದು ಮಾತೈತಿ," ಎಂದು ಕಾಕಾ ಆರಂಭಿಸಿದರು. "ಮಾಲು ಖರೇ ಕಳಕೊಂಡವ ದಿನಕ್ಕ ಹತ್ತು ಸಲ ಫೋನ್ ಮಾಡಿ ತಲಿ ತಿಂತಾನ. 'ಹೋದ್ರ ಹೋಗ್ಲಿ ಬಿಡ್ರಿ' ಅಂದ ಅಂದ್ರ, ಮಾಲು ಎಲ್ಲೈತಿ ಅಂತ ಅವಗ ಗೊತ್ತೈತಿ. ಅದಕ್ಕ ನಿನ್ನೆ ರಘುನಾಥ ಅವರು ಕಾಫಿ ಕುಡೀರಿ ಅಂದಾಗನ ನನಗ ಸಂಶಯ ಬಂತು. ಆದ್ರ ಸಂಶಯ ಪುರಾವೆ ಅಲ್ಲ. ಪುರಾವೆ ರಿಬ್ಬನ್ನಿನ ಮ್ಯಾಲಿತ್ತು."

"ಅದೇನು ಕಲೆ?" ಎಂದರು ಶೈಲಜಾ.

"ಹುಣಸಿಹಣ್ಣು. ಶುಕ್ರವಾರ ಸಂಜಿ ಫೋಟೋದಾಗ ಇರಲಿಲ್ಲ. ಶನಿವಾರ ನೀವು ಡಬ್ಬಿ ತಗದಾಗ ಇತ್ತು. ನಡುವ ಯಾರೋ ಹುಣಸಿಹಣ್ಣಿನ ಕೈಯಾಗ ರಿಬ್ಬನ್ ಬಿಚ್ಚ್ಯಾರ. ಕಳ್ಳ ಆಗಿದ್ರ ರಿಬ್ಬನ್ ಯಾಕ ಬಿಚ್ಚತಾನ, ಹಂಗ ಜೇಬಿಗೆ ಹಾಕ್ಕೋತಾನ. ರಿಬ್ಬನ್ ತೋಯಿಸಬಾರದು ಅಂತ ಬಿಚ್ಚಿದವ್ರು ತೊಳಿಯಾಕ ಬಿಚ್ಚ್ಯಾರ." ಕಾಕಾ ಕುರ್ಚಿಯ ಕಡೆ ತಿರುಗಿದರು. "ಅಮ್ಮಾ, ಶನಿವಾರ ಬೆಳಿಗ್ಗೆ ಟೇಬಲ್ ಮ್ಯಾಲಿನ ಪದಕ ತೊಳದ್ರೇನ್ರಿ?"

"ಹೂಂ," ಎಂದರು ಶಾರದಮ್ಮ. "ಪೂಜೆಗಿಡೋದು, ಹಾಗೇ ಇಡೋಕಾಗುತ್ತಾ? ನಾರು ಹಾಕಿ ಚೆನ್ನಾಗಿ ಉಜ್ಜಿ, ಒರೆಸಿ, ಡಬ್ಬೀಲೇ ಇಟ್ಟೆ."

ಶೈಲಜಾರ ಕೈ ಸೊಂಟದಿಂದ ಜಾರಿತು. "ಅಮ್ಮಾ, ಎಂಟು ದಿನದಿಂದ ಮನೆ ರಣರಂಗ ಆಗಿದೆ. ಒಂದು ಮಾತು ಹೇಳಬಾರದಾ?"

"ನೀನು ಕೇಳಿದ್ದು ಯಾರು ಕದ್ದರು ಅಂತ. ಯಾರು ತೊಳೆದರು ಅಂತ ಯಾರು ಕೇಳಿದ್ರು?"

"ಈಗ ನೋಡ್ರಿ," ಎಂದರು ಕಾಕಾ. "ಅಮ್ಮ ಬೆಳ್ಳಿಗೆ ವಿಭೂತಿ ಹಾಕ್ತಾರ, ತಾಮ್ರ ಹಿತ್ತಾಳಿಗೆ ಹುಣಸಿಹಣ್ಣು. ಅರವತ್ತು ವರ್ಷದ ಕೈ, ತಪ್ಪೂದಿಲ್ಲ. ಫೋಟೋದಾಗ ಪದಕ ಬೆಳ್ಳಿ ಹಂಗ ಹೊಳೀತದ. ಆದ್ರ ಅಮ್ಮ ಹುಣಸಿಹಣ್ಣು ಹಚ್ಚ್ಯಾರ. ಯಾಕ?"

"ಯಾಕೆ ಅಂದ್ರೆ ಅದು ಬೆಳ್ಳಿ ಅಲ್ಲವಲ್ಲಪ್ಪ," ಎಂದರು ಶಾರದಮ್ಮ, ಮಗುವಿಗೆ ಹೇಳುವಂತೆ. "ಕಂಚು. ಮದುವೆಯಾಗಿ ಬಂದಾಗಿಂದ ನಾನೇ ಉಜ್ಜಿದ್ದು. ಆಮೇಲೆ ಇವನು ಬೀರೂಲಿಟ್ಟ. ಭಾಷಣದ ಹೊತ್ತಿಗೆ ನಾನು ಯಾವಾಗ್ಲೂ ಅಡುಗೆಮನೇಲಿ. ಎಷ್ಟೋ ವರ್ಷ ಆದಮೇಲೆ ಕೈಗೆ ಸಿಕ್ತು, ನೋಡಿದ್ರೆ ಬೂದಿ ಬಡಿದ ಹಾಗೆ ಬೆಳ್ಳಗಾಗಿತ್ತು. ಇವನು ಏನೂ ನೋಡ್ಕೊಳಲ್ಲ. ಆ ಕೊಳೆ ಬಿಡಿಸೋಕೆ ನನ್ನ ಉಗುರು ಸವೆದುಹೋಯ್ತು. ಕೊನೆಗೆ ಬಂತು, ಕೆಂಪಗೆ."

ರಘುನಾಥ ಕಣ್ಣು ಮುಚ್ಚಿಕೊಂಡರು. ಮಗ ಪೇಟೆಯಲ್ಲಿ ಕಾಸು ಕೊಟ್ಟು ಹಾಕಿಸಿದ ಬೆಳ್ಳಿ ನೀರಿನ ಲೇಪವನ್ನು ತಾಯಿ ಕೊಳೆಯೆಂದು ಉಜ್ಜಿ ತೆಗೆದಿದ್ದರು.

"ಅಭಿನಂದನ್," ಎಂದರು ಕಾಕಾ, "ಬರ್ಮಾ ಪದಕ ಕಂಚಿನ್ಯಾಗ ಮಾಡ್ತಿದ್ರೇನು?"

ಅಭಿನಂದನ್ ಗೋಡೆಯಿಂದ ಸ್ವಲ್ಪ ಬಿಟ್ಟ. "ಮಾಡ್ತಿದ್ರು ಸರ್. ಸಿಪಾಯಿಗಳಿಗೆ, ಅಧಿಕಾರಿಗಳಿಗೆ ಬೆಳ್ಳಿ. ಸೈನ್ಯದ ಜೊತೆ ಹೋದ ಡೋಲಿ ಹೊರುವವರು, ನೀರು ತರುವವರು, ಅಡುಗೆಯವರು, ಇವರಿಗೆ ಕಂಚು. ಅದೇ ರಾಣಿ, ಅದೇ ದೇವತೆ."

"ಅದಕ್ಕ ಸೌಟು," ಎಂದರು ಕಾಕಾ. "ಸುಬೇದಾರನ ಮನ್ಯಾಗ ಆಯುಧಪೂಜಿಗೆ ಕತ್ತಿ ಇರಬೇಕು, ಇಲ್ಲ ಗುದ್ದಲಿ ಇರಬೇಕು. ಈ ಮನ್ಯಾಗ ಮೊದಲ ಹೂವು ಸೌಟಿಗೆ. ಮನಿತನದ ಕತಿ ಬದಲಾಗ್ತದ. ಪೂಜಿ ಅಷ್ಟು ಲಗೂನ ಬದಲಾಗೂದಿಲ್ಲ."

ಶೈಲಜಾ ಗಂಡನತ್ತ ನೋಡಿದರು. "ಮತ್ತೆ ಏಣಿ?"

"ಏಣಿ ಇರಲಿಲ್ಲ," ಎಂದರು ರಘುನಾಥ, ಬಹಳ ಸಣ್ಣ ದನಿಯಲ್ಲಿ.

"ಮೂವತ್ತು ವರ್ಷ ಆ ಏಣಿ ಹತ್ತಿಸಿದ್ರಿ ನನ್ನ."

ಕಾಕಾ ಕೈಯೆತ್ತಿ ಸುಮ್ಮನಾಗಿಸಿದರು. "ಶನಿವಾರ ಪೂಜಿಗೆ ಮುಂಚೆ ರಘುನಾಥ ಅವರು ಡಬ್ಬಿ ತಗದು ನೋಡ್ಯಾರ. ರಾಣಿ ಮುಖ ಕೆಂಪಗೈತಿ. ಬಾಗಲದಾಗ ನಲವತ್ತು ಮಂದಿ. ಡಬ್ಬಿ ತಗದು ತೋರಿಸಿ ಭಾಷಣ ಮಾಡೂದು ವರ್ಷದ ಪದ್ಧತಿ. ಈ ವರ್ಷ ಭಾಷಣಾನೂ ಇಲ್ಲ, ಡಬ್ಬೀನೂ ತಗೀಲಿಲ್ಲ. ಮಂದಿ ಖುಷಿ ಪಟ್ರು, ಯಾಕಂತ ಯಾರೂ ಕೇಳಲಿಲ್ಲ. ಅಂದ್ರ ಪೂಜಿ ಹೊತ್ತಿಗೆ ಡಬ್ಬಿ ಖಾಲಿ ಆಗಿತ್ತು, ಖಾಲಿ ಅನ್ನೂದು ಅವರಿಗೆ ಗೊತ್ತಿತ್ತು. ಈ ಹುಡುಗ ಒಬ್ಬನ ಉಳಕೊಂಡಿದ್ದು ಪೂಜಿ ಆದಮ್ಯಾಲೆ. ಇವನಿಗೆ ಕದಿಯಾಕ ಏನೂ ಉಳಿದಿರಲಿಲ್ಲ."

ನಾನು ಅಭಿನಂದನ್ ಕಡೆ ನೋಡಿದೆ. ಕಟ್ಟಿಕೊಂಡಿದ್ದ ಕೈಗಳನ್ನು ಅವನು ಇಳಿಬಿಟ್ಟಿದ್ದ.

"ಹಾಗಾದ್ರೆ ಎಲ್ಲಿದೆ?" ಎಂದರು ಶೈಲಜಾ. "ನಾನು ವ್ಯಾಕ್ಯೂಮ್ ಚೀಲ ಕೂಡ..."

"ನೀವು ಹುಡುಕದ ಜಾಗ ಈ ಮನ್ಯಾಗ ಒಂದೇ ಐತ್ರಿ. ಹುಡುಕಲಿಲ್ಲ ಅಂತಲ್ಲ, ನಿಮ್ಮ ಕೈ ಹೋಗೂದಿಲ್ಲ. ಕೂರಿಸಿದ ಕಲಶ ಕದಲಿಸೋತನಕ ಯಾರೂ ಮುಟ್ಟೂದಿಲ್ಲ. ಅಕ್ಕಿ ತುಂಬಿ ತೆಂಗಿನಕಾಯಿ ಇಡೂಕಿಂತ ಮೊದಲು ಒಂದು ನಾಣ್ಯ ಹಾಕೂ ಪದ್ಧತಿ ಐತಿ. ಆ ನಾಣ್ಯ ಹಾಕಿದವ್ರು ಯಾರ್ರಿ?"

"ಇವರು," ಎಂದರು ಶೈಲಜಾ.

"ಹಾಕಿದ ಮ್ಯಾಲೆ ಅವರ ಕೈಯೂ ಕಟ್ಟಿಹಾಕಿದಂಗಾತು. ದೇವಿ ಕೂತಾಳ, ತಗ್ಯಾಕ ಬರೂದಿಲ್ಲ. ಕದಲಿಸಿದ ಮ್ಯಾಲೆ ಆ ಅಕ್ಕಿ ನಿಮ್ಮ ಕುಕ್ಕರಿಗೆ ಹೋಗ್ತದ. ಅದಕ್ಕ ಈ ವರ್ಷ 'ನೀ ಮುಟ್ಟಬ್ಯಾಡ, ನಾ ಮಾಡ್ತೀನಿ'. ಶಾರದಮ್ಮಾರ, ಈಗ ನೀವ ಕದಲಿಸ್ರಿ. ನಾವು ನೋಡ್ತೀವಿ."

ಶಾರದಮ್ಮ ಎದ್ದು ಅಕ್ಷತೆ ಹಾಕಿ, ಕಲಶವನ್ನು ಬೆರಳಷ್ಟು ಉತ್ತರಕ್ಕೆ ಸರಿಸಿದರು. ದೇವಿಯ ಮುಖವಾಡ ತೆಗೆದರು, ತೆಂಗಿನಕಾಯಿ ತೆಗೆದರು. ರಘುನಾಥ ತಾವೇ ಚೊಂಬಿಗೆ ಕೈ ಹಾಕಿದರು. ಮೊದಲು ಅಡಕೆ ಬಂತು, ಆಮೇಲೆ ಅರಿಶಿನದ ಕೊಂಬು, ಆಮೇಲೆ ಅಕ್ಕಿ ಅಂಟಿಸಿಕೊಂಡ ವಿಕ್ಟೋರಿಯಾ ರಾಣಿ. ಕಿರೀಟದ ಸಂದಿಯಲ್ಲಿ ಇನ್ನೂ ಬೆಳ್ಳಿ, ಕೆನ್ನೆ ಪೂರ್ತಿ ಕಂಚು.

ಅಭಿನಂದನ್ ಮುಂದೆ ಬಂದ. ಪದಕ ಮುಟ್ಟುವ ಮೊದಲು ಶೈಲಜಾರ ಮುಖ ನೋಡಿದ. ಅವರು ತಲೆ ತಗ್ಗಿಸಿದರು. ಅವನು ಅಂಚನ್ನು ಬೆಳಕಿಗೆ ತಿರುಗಿಸಿದ. ಬೆಳ್ಳಿ ಹೋದ ಕಡೆ ಕೊರೆದ ಅಕ್ಷರಗಳು ಎದ್ದುಬಂದಿದ್ದವು.

"ಅಡುಗೆಯವನು ತಿಮ್ಮರಾಯಪ್ಪ," ಎಂದು ಓದಿದ. "ಸ್ಯಾಪರ್ಸ್ ಅಂಡ್ ಮೈನರ್ಸ್."

"ಅದನ್ನು ಓದಿ ತಿಳ್ಕೋಬೇಕಾ?" ಎಂದರು ಶಾರದಮ್ಮ. "ಹಲಸೂರಲ್ಲಿ ನಮ್ಮನೆಗೆ ಅಡುಗೆ ತಿಮ್ಮರಾಯಪ್ಪನ ಮನೆ ಅಂತಲೇ ಅಂತಿದ್ರು. ನಮ್ಮತ್ತೆ 'ಮಾವಯ್ಯ ಮಾವಯ್ಯ' ಅಂತ ಅವರ ಕೈಯಡುಗೆ ಉಂಡವರು. ಬರ್ಮಾದಲ್ಲಿ ಇವರ ಪಡೆಯವರು ಹೊಳೆಗೆ ಸೇತುವೆ ಕಟ್ಟೋಕೆ ಹೋಗಿ ಆಚೆ ದಡದಲ್ಲಿ ಸಿಕ್ಕಿಹಾಕ್ಕೊಂಡ್ರಂತೆ. ಕಾಡಿಂದ ಗುಂಡು ಹಾರಿಸ್ತಾ ಇದ್ರಂತೆ. ಹಸಿದಿದಾರೆ ಅಂತ ಇವರು ಕೊಪ್ಪರಿಗೆ ತುಂಬ ಅನ್ನ ಹೊತ್ಕೊಂಡು ಹೊಳೆ ದಾಟಿದ್ರು. ಉಂಡ ಮೇಲೆ ವಾಪಸ್ ಬರಬೇಕಲ್ಲ? ಕೊಪ್ಪರಿಗೆ ಬೋರಲು ಹಾಕಿ ತಲೆಮೇಲೆ ಕವುಚಿಕೊಂಡು ಬಂದ್ರು. ಹೋಗುವಾಗ ಅನ್ನ ಒಳಗೆ, ಬರುವಾಗ ತಲೆ ಒಳಗೆ. ಕೊಪ್ಪರಿಗೆ ತಗ್ಗುತಗ್ಗಾಗಿ ಹೋಗಿತ್ತಂತೆ."

ಇದನ್ನು ರಘುನಾಥರೂ ಇಷ್ಟು ದೀರ್ಘವಾಗಿ ಮೊದಲ ಸಲ ಕೇಳುತ್ತಿದ್ದಂತೆ ಇತ್ತು.

"ಇಷ್ಟು ಚೆನ್ನಾಗಿರೋ ಕತೆ ಬಿಟ್ಟು ಏಣಿ ಯಾಕೆ ಹಾಕಿದ್ರಿ?" ಎಂದರು ಶೈಲಜಾ.

"ಇಲ್ಲಿಗೆ ಬಂದ ಹೊಸದರಲ್ಲಿ ಆಫೀಸಲ್ಲಿ ಯಾರೋ ಕೇಳಿದ್ರು, ನಿಮ್ಮ ಮುತ್ತಾತ ಏನಾಗಿದ್ರು ಅಂತ. ಅವನ ಮುತ್ತಾತ ಕರ್ನಲ್ ಅಂತೆ. ನಾನು ಅಡುಗೆಯವರು ಅನ್ನೋಕೆ ಹೋದೆ, ಬಾಯಲ್ಲಿ ಸುಬೇದಾರ್ ಅಂತ ಬಂತು. ಆಮೇಲೆ ಸರ್‌ನೇಮ್ ಬೇಕು ಅಂದ್ರು, ಅದನ್ನೇ ಹಾಕಿದೆ. ಹೆಸರೇ ಆದಮೇಲೆ ಕಂಚು ಇಟ್ಕೊಳ್ಳೋದು ಹೇಗೆ? ಮುಂದಿನ ಸಲ ಊರಿಗೆ ಹೋದಾಗ ನಗರ್ತಪೇಟೇಲಿ ಬೆಳ್ಳಿ ನೀರು ಹಾಕಿಸಿದೆ." ರಘುನಾಥ ಅಭಿನಂದನ್ ಕಡೆ ತಿರುಗಿದರು. "ನಿನ್ನ ಮೇಲೆ ಬರುತ್ತೆ ಅಂತ ನನಗೆ ಹೊಳೀಲೇ ಇಲ್ಲಪ್ಪ. ಎರಡು ದಿನ ಹುಡುಕಿ ಬಿಡ್ತಾರೆ, ಆಮೇಲೆ ಮತ್ತೆ ಬೆಳ್ಳಿ ನೀರು ಹಾಕಿಸಿ ಸಿಕ್ತು ಅಂತ ಹೇಳಿದ್ರಾಯ್ತು ಅಂದ್ಕೊಂಡಿದ್ದೆ. ಇವಳು ಫೋನ್ ತಗೊಂಡ ವೇಗ ನನ್ನ ಲೆಕ್ಕಕ್ಕೆ ಸಿಗಲಿಲ್ಲ."

"ನನ್ನ ಮೇಲೆ ಬಂದಮೇಲೆ ಒಂದು ವಾರ ಇತ್ತಲ್ಲ ಸರ್," ಎಂದ ಅಭಿನಂದನ್. ಅವನ ದನಿ ಏರಲಿಲ್ಲ.

ಶೈಲಜಾ ಪೊಂಗಲ್ ಮಾಡುತ್ತೇನೆ, ಎಲ್ಲರೂ ಊಟ ಮಾಡಿಯೇ ಹೋಗಬೇಕು, ಅಭಿನಂದನ್‌ಗೆ ಡಬ್ಬಿಯಲ್ಲೂ ಕಟ್ಟಿಕೊಡುತ್ತೇನೆ ಎಂದರು. ಅವರ ಕಡೆಯ ಕ್ಷಮಾಪಣೆ ಅದೇ ಎಂದು ನನಗೆ ಅರ್ಥವಾಯಿತು. ಕಾಕಾ ಅಲುಗಾಡಲಿಲ್ಲ.

"ಪೊಂಗಲ್ಲಿಗೆ ಪಿಆರ್ ಬರೂದಿಲ್ರಿ," ಎಂದರು. "ಸುದ್ದಿ ಹೋದ ದಾರಿಯಾಗ ಮಾಲು ವಾಪಸ್ ಕಳಸಬೇಕು. ಹೇಮಶ್ರೀ ಅವರಿಗೆ ಫೋನ್ ಹಚ್ಚ್ರಿ."

ಶೈಲಜಾ ಫೋನು ಹಚ್ಚಿ ಸ್ಪೀಕರಿಗೆ ಹಾಕಿದರು. ಆ ಕಡೆಯಿಂದ, "ಏನೇ, ಒಪ್ಕೊಂಡ್ನಾ?" ಎಂಬ ದನಿ ಕೋಣೆಯನ್ನೆಲ್ಲ ತುಂಬಿತು. ಅಭಿನಂದನ್ ಕಿಟಕಿಯ ಕಡೆ ಮುಖ ಮಾಡಿದ.

"ಪದಕ ಸಿಕ್ತು ಹೇಮಾ. ಆ ಹುಡುಗ ತಗೊಂಡಿರಲಿಲ್ಲ."

"ಹೌದಾ? ಮತ್ಯಾರು? ಎಲ್ಲಿತ್ತು?"

ಶೈಲಜಾ ಗಂಡನನ್ನು ನೋಡಿದರು. ಮನೆಯಲ್ಲೇ ಎಲ್ಲೋ ಬಿದ್ದಿತ್ತು ಎಂದುಬಿಡಬಹುದಿತ್ತು. ಹಾಗೆಂದರೆ ಹುಡುಗ ಹೆದರಿ ವಾಪಸ್ ತಂದಿಟ್ಟ ಎಂದು ಸಂಜೆಯೊಳಗೆ ಊರಿಗೆಲ್ಲ ಆಗುತ್ತದೆ. ಅದು ಆ ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ರಘುನಾಥ ಅಕ್ಕಿ ಅಂಟಿದ ಕೈಯನ್ನು ಪಂಚೆಗೆ ಒರೆಸಿಕೊಂಡು ಫೋನು ಇಸಿದುಕೊಂಡರು.

"ಹೇಮಶ್ರೀಯವರೇ, ನಾನು ರಘುನಾಥ. ನಾನೇ ಬಚ್ಚಿಟ್ಟಿದ್ದೆ. ನನ್ನ ಮುತ್ತಾತ ಸುಬೇದಾರ್ ಅಲ್ಲ, ಅಡುಗೆಯವರು. ಅದು ಗೊತ್ತಾಗಬಾರದು ಅಂತ ಬಚ್ಚಿಟ್ಟೆ. ಅಭಿನಂದನ್ ಏನೂ ಮಾಡಿಲ್ಲ. ಭಾಸ್ಕರ್‌ಗೆ ನಾಳೇನೇ ಸಹಿ ಹಾಕೋಕೆ ಹೇಳಿ."

ಆ ಕಡೆಯಿಂದ ಪಾತ್ರೆ ಕೆಳಗಿಟ್ಟ ಸದ್ದು, ಚಪ್ಪಲಿಯ ಸದ್ದು, ಯಾರನ್ನೋ ಕರೆದ ಸದ್ದು.

"ಸರ್, ಒಂದು ನಿಮಿಷ," ಎಂದರು ಹೇಮಶ್ರೀ. "ನಮ್ಮನೆಯವರೂ ಇಲ್ಲೇ ಬಂದ್ರು. ಮೊದಲಿಂದ ಇನ್ನೊಂದ್ಸಲ ಹೇಳ್ತೀರಾ? ನಿಧಾನಕ್ಕೆ."

ರಘುನಾಥ ನಮ್ಮೆಲ್ಲರನ್ನೂ ಒಮ್ಮೆ ನೋಡಿದರು. ಗಂಟಲು ಸರಿಮಾಡಿಕೊಂಡು, ಮೊದಲಿಂದ ಹೇಳತೊಡಗಿದರು.